ಹಡಗು ಬಾರದಿದ್ದರೆ

ಕೊಚ್ಚಿಯ ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಗುಡಿಯೂ ಅಲ್ಲದ, ಇಗರ್ಜಿಯೂ ಅಲ್ಲದ, ದರ್ಗಾವೂ ಅಲ್ಲದ ಒಂದು ಪುಟ್ಟ ಗೂಡಿದೆ. ಒಳಗೆ ವಿಗ್ರಹವಿಲ್ಲ. ಮೇಣದಬತ್ತಿಗಳು ಕರಗಿ ಒಂದರ ಮೇಲೊಂದು ಹೆಪ್ಪುಗಟ್ಟಿರುತ್ತವೆ, ಗೋಡೆಗೆ ಹೊಗೆಯ ಮಸಿ ಹಿಡಿದಿರುತ್ತದೆ. ಹರಕೆ ಹೊತ್ತವರು ಚುಟ್ಟಾ ತರುತ್ತಾರೆ, ಕಳ್ಳು ತರುತ್ತಾರೆ. ಪುಟ್ಟು, ಬೇಯಿಸಿದ ಮೊಟ್ಟೆ, ಮೀನನ್ನೂ ಇಡುತ್ತಾರೆ. ಯಾವ ಜಾತಿ, ಯಾವ ಮತ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಊರಿನವರ ಬಾಯಲ್ಲಿ ಈ ದೈವದ ಹೆಸರು ಕಾಪ್ಪಿರಿ ಮುತ್ತಪ್ಪನ್.

ಕಾಪ್ಪಿರಿ ಎಂಬುದು ಪೋರ್ಚುಗೀಸರ 'ಕಾಫ್ರೆ', ಅದರ ಮೂಲ ಅರಬ್ಬಿಯ 'ಕಾಫಿರ್'. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಪೋರ್ಚುಗೀಸರು ಹಾಗೆ ಕರೆಯುತ್ತಿದ್ದರು. 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯ ಕೋಟೆ ಹಿಡಿದಾಗ, ಓಡಿಹೋಗುವ ಮುನ್ನ ಪೋರ್ಚುಗೀಸರು ತಮ್ಮ ಚಿನ್ನವನ್ನು ಮರದ ಬುಡದಲ್ಲಿ, ಗೋಡೆಯ ಅಡಿಯಲ್ಲಿ ಹೂತಿಟ್ಟರಂತೆ. ಕಾವಲಿಗೆಂದು ಗುಲಾಮರನ್ನು ಕೊಂದು ನಿಧಿಯ ಜೊತೆಗೇ ಹುಗಿದರಂತೆ. ಸತ್ತವನು ಎಲ್ಲಿಗೆ ಹೋದಾನು? ರಾತ್ರಿ ಗೋಡೆಯ ಮೇಲೆ ಕೂತು ಚುಟ್ಟಾ ಸೇದುತ್ತಾನೆ, ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾನೆ ಎಂದು ಹಳಬರು ಹೇಳುತ್ತಾರೆ.

ಕಾಸರಗೋಡು, ಮಂಗಳೂರು ಕಡೆಯಿಂದ ಹೋದ ಕನ್ನಡಿಗನಿಗೆ ಇದು ಹೊಸ ಕತೆ ಅನ್ನಿಸುವುದಿಲ್ಲ. ಕಳ್ಳು, ಚಕ್ಕುಲಿ, ವೀಳ್ಯ ಇಟ್ಟು ಕೊರಗಜ್ಜನಿಗೆ ಕೈಮುಗಿಯುವ ಊರಿನಿಂದ ಬಂದವನು ಅವನು. ಕೊರಗಜ್ಜನಾದ ಕೊರಗ ತನಿಯನೂ ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟ ಸಮುದಾಯದಲ್ಲಿ ಹುಟ್ಟಿ, ದೇವಸ್ಥಾನದ ಹೊರಗೇ ನಿಲ್ಲಬೇಕಾಗಿ ಬಂದು, ಕೊನೆಗೆ ಮಾಯವಾದವನು. ಈಗ ಕಳೆದುಹೋದ ವಸ್ತುವನ್ನು ಹುಡುಕಿಕೊಡುವ ಅಜ್ಜ. ಬದುಕಿದ್ದಾಗ ಮನುಷ್ಯನೆಂದು ಎಣಿಸದವನನ್ನು ಸತ್ತ ಮೇಲೆ ಅಜ್ಜ, ಮುತ್ತಪ್ಪ ಎಂದು ಕರೆಯುವುದು ಕರಾವಳಿಯ ಉದ್ದಕ್ಕೂ ನಡೆದುಬಂದಿದೆ. ತನಿಯನಿಗೆ ಕಡೇ ಪಕ್ಷ ಒಂದು ಹೆಸರಿದೆ. ಮಂಗಾಟ್ಟುಮುಕ್ಕಿನವನಿಗೆ ಅದೂ ಇಲ್ಲ. ಕಾಪ್ಪಿರಿ ಎಂದರೆ ಹಿಡಿದವರು ಹಚ್ಚಿದ ಗುರುತು. ಅವನ ತಾಯಿ ಅವನನ್ನು ಏನೆಂದು ಕೂಗುತ್ತಿದ್ದಳು ಎಂಬುದು ಅವನ ಜೊತೆಗೇ ಮಣ್ಣಾಯಿತು.

ಹೀಗಾಗದೇ ಇದ್ದಿದ್ದರೆ ಎಂದು ಇತಿಹಾಸವನ್ನು ತಿರುಗಿಸಿ ನೋಡುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇದೆ. ಪಶ್ಚಿಮದಲ್ಲಿ ಅದೊಂದು ಕಾದಂಬರಿಯ ಪ್ರಕಾರವೇ ಆಗಿ ಬೆಳೆದಿದೆ. ಅಮೆರಿಕದ ವಾರ್ಡ್ ಮೂರ್ 1953ರಲ್ಲಿ ಬರೆದ 'ಬ್ರಿಂಗ್ ದಿ ಜ್ಯೂಬಿಲಿ'ಯಲ್ಲಿ ಅಂತರ್ಯುದ್ಧವನ್ನು ಗುಲಾಮರ ಒಡೆಯರಾದ ದಕ್ಷಿಣದವರೇ ಗೆಲ್ಲುತ್ತಾರೆ. ಕೊಚ್ಚಿಯ ಈ ಗೋಡೆಯ ಮುಂದೆ ನಿಂತವನಿಗೆ ಬೇರೆಯದೇ ಪ್ರಶ್ನೆ ಏಳುತ್ತದೆ. ಗುಲಾಮಗಿರಿ ಇಲ್ಲಿ ಬೇರೂರದೇ ಹೋಗಿದ್ದರೆ? ಪೋರ್ಚುಗೀಸ್ ನಾವಿಕ ಕಬ್ರಾಲನ ಹಡಗುಗಳು 1500ರ ಡಿಸೆಂಬರಿನಲ್ಲಿ ಕೊಚ್ಚಿಯ ಅಳಿವೆಗೆ ಬಾರದೇ ಇದ್ದಿದ್ದರೆ?

ಮೊದಲಿಗೆ ಈ ಗೂಡು ಇರುತ್ತಿರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಸಿದ್ದಿಗಳ ಹಾಡಿಗಳೂ ಬಹುಶಃ ಇರುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರ ಹಿರಿಯರು ಗೋವೆಯ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು. ಇವತ್ತು ಕನ್ನಡ, ಕೊಂಕಣಿ, ಮರಾಠಿ ಬೆರೆಸಿ ಮಾತಾಡುವ ಅವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಡಗು ಬಾರದಿದ್ದರೆ ಆ ಹಿರಿಯರು ಪೂರ್ವ ಆಫ್ರಿಕಾದ ತಮ್ಮ ಊರುಗಳಲ್ಲೇ ಮಣ್ಣಾಗುತ್ತಿದ್ದರು, ಸಿದ್ದಿಗಳ ದಮಾಮಿ ವಾದ್ಯದ ಬಡಿತ ಯಲ್ಲಾಪುರದ ಕಾಡಿನಲ್ಲಿ ಕೇಳುತ್ತಿರಲಿಲ್ಲ. ಈ ಬಗೆಯ ಊಹೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದು ಇಲ್ಲಿಯೇ. ಅನ್ಯಾಯವನ್ನು ಅಳಿಸಹೊರಟರೆ, ಆ ಅನ್ಯಾಯವನ್ನು ದಾಟಿ ಬಂದು ನೆಲೆ ನಿಂತ ಜನರನ್ನೂ ಅಳಿಸಬೇಕಾಗುತ್ತದೆ. ಸಿದ್ದಿ ಹುಡುಗಿಯೊಬ್ಬಳ ಎದುರು ಕೂತು ಆ ಮಾತನ್ನು ಹೇಳಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.

ಇನ್ನೊಂದು ದಾರಿಯೂ ಮುಚ್ಚಿಹೋಗುತ್ತಿತ್ತು. ಅದು ಕೊಚ್ಚಿಯಿಂದ ಹೊರಗೆ ಹೋಗುವ ದಾರಿ. ಗುಲಾಮರೆಂದರೆ ಹೊರಗಿನಿಂದ ಇಲ್ಲಿಗೆ ಬಂದ ಕಪ್ಪು ಜನ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೊಚ್ಚಿ ಮನುಷ್ಯರನ್ನು ಕೊಂಡು ಹಡಗಿಗೆ ತುಂಬುವ ರೇವೂ ಆಗಿತ್ತು. ಕಂಪನಿಯ ಅಧಿಕಾರಿಗಳು, ನಾವಿಕರು ತಮ್ಮ ಸ್ವಂತ ಲಾಭಕ್ಕೆ ಇಲ್ಲಿ ಹುಡುಗ ಹುಡುಗಿಯರನ್ನು ಕೊಳ್ಳುತ್ತಿದ್ದರು. ಹೊಲ ಮಾರಿದಾಗ ಆಗುವಂತೆ ಅದಕ್ಕೂ ಕ್ರಯಪತ್ರ ಆಗುತ್ತಿತ್ತು. ಕೊಂಡವರನ್ನು ಜಾವಾದ ಬತಾವಿಯಾದಲ್ಲೋ, ಆಫ್ರಿಕಾದ ತುದಿಯ ಕೇಪ್‌ನಲ್ಲೋ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಹದಿನೇಳನೆಯ ಶತಮಾನದ ನಡುವಿನಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಕೇಪ್‌ಗೆ ಸಾಗಿಸಿದ ಗುಲಾಮರ ಸಂಖ್ಯೆ 60,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಕಾಲುಭಾಗ ಭಾರತದಿಂದ ಹೋದವರು.

ಕೇಪ್‌ನ ದಾಖಲೆಗಳಲ್ಲಿ ಅವರ ಹೆಸರಿನ ಮುಂದೆ ಊರಿನ ಗುರುತು ಬರುತ್ತದೆ: 'ಫಾನ್ ಮಲಬಾರ್', 'ಫಾನ್ ಕೊಚ್ಚಿನ್', 'ಫಾನ್ ಬೆಂಗಾಲೆ'. ಮಲಬಾರಿನವಳು, ಕೊಚ್ಚಿಯವನು, ಬಂಗಾಳದವಳು ಎಂದರ್ಥ. ಅದರ ಹಿಂದಿನ ಹೆಸರು ಒಡೆಯ ಕೊಟ್ಟದ್ದು. ರೋಮನ್ ಪುರಾಣದ ಕ್ಯುಪಿಡೋ, ರೋಮನ್ ಚರಿತ್ರೆಯ ಟೈಟಸ್. ಇಲ್ಲವೇ ಕ್ಯಾಲೆಂಡರಿನ ತಿಂಗಳು. ಫೆಬ್ರವರಿ, ಏಪ್ರಿಲ್, ಸೆಪ್ಟೆಂಬರ್ ಎಂಬ ಅಡ್ಡಹೆಸರಿನ ಕುಟುಂಬಗಳು ಕೇಪ್ ಟೌನಿನಲ್ಲಿ ಇಂದಿಗೂ ಇವೆ. ಸೆಪ್ಟೆಂಬರ್ ಎಂಬ ಮನೆತನದ ಅಜ್ಜಿಯೊಬ್ಬಳು ವೈಪಿನ್ ದ್ವೀಪದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳ ಸಂತತಿಯೂ ಇದ್ದೀತು. ಇಲ್ಲ ಎನ್ನಲು ಯಾವ ಕಾರಣವೂ ಇಲ್ಲ, ಹೌದು ಎನ್ನಲು ಯಾವ ಕಾಗದವೂ ಇಲ್ಲ.

ಹೆಸರಿನ ಮಾತು ಬಂದಾಗ ಹೆಂಡ್ರಿಕ್ ಫಾನ್ ರೀಡನನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. 1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ ಕಮಾಂಡರ್ ಆಗಿದ್ದವನು ಇವನು. ಚೇರ್ತಲ ಬಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಇವರನ್ನೆಲ್ಲ ಕೂರಿಸಿಕೊಂಡು ಮಲಬಾರಿನ ಗಿಡಮರಗಳ ಮಹಾಗ್ರಂಥ 'ಹೋರ್ಟುಸ್ ಮಲಬಾರಿಕುಸ್' ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅದು ಹೊರಬಂತು. ಏಳುನೂರಕ್ಕೂ ಹೆಚ್ಚು ಸಸ್ಯಗಳು ಅದರಲ್ಲಿವೆ. ಪ್ರತಿಯೊಂದು ಗಿಡದ ಹೆಸರನ್ನೂ ಊರಿನವರು ಕರೆಯುವಂತೆಯೇ ಕೇಳಿ, ಮಲಯಾಳ ಲಿಪಿಯಲ್ಲೂ ನಾಗರಿಯಲ್ಲೂ ಅರಬ್ಬಿಯಲ್ಲೂ ಕೊರೆಸಿದ್ದಾನೆ. ಹಲಸಿನ ಹಣ್ಣು ಮರದಲ್ಲಿ ಜೋತುಬಿದ್ದಿರುವ ಆ ಚಿತ್ರಗಳನ್ನು ನೋಡಿದವರು ಆ ಶ್ರದ್ಧೆಗೆ ತಲೆಬಾಗಲೇಬೇಕು.

ಅದೇ ಫಾನ್ ರೀಡ್ 1685ರಲ್ಲಿ ಕಂಪನಿಯ ಕಮಿಷನರ್ ಆಗಿ ಕೇಪ್‌ಗೆ ಹೋದ. ಅಲ್ಲಿ 1679ರಲ್ಲಿ ಕಟ್ಟಿದ್ದ ಕಂಪನಿಯ ಗುಲಾಮರ ವಸತಿ ಇತ್ತು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹಲವರ ತಂದೆಯರು ಯೂರೋಪಿನವರೆಂದು ಅವನಿಗೆ ಗೊತ್ತಾಯಿತು. ಮಕ್ಕಳಿಗೆ ಶಾಲೆ ಬೇಕು ಎಂದ. ಯೂರೋಪಿನ ತಂದೆಗೆ ಹುಟ್ಟಿದ ಗಂಡುಮಕ್ಕಳನ್ನು 25ನೇ ವಯಸ್ಸಿಗೆ, ಹೆಣ್ಣುಮಕ್ಕಳನ್ನು 22ನೇ ವಯಸ್ಸಿಗೆ ಬಿಡುಗಡೆ ಮಾಡಬಹುದು ಎಂದು ನಿಯಮ ಬರೆದ. ಉಳಿದವರಿಗೆ ಇನ್ನೂ ದೂರದ ಗಡುವು. ಅವನ ಕಾಲದ ಮಟ್ಟಿಗೆ ಅದು ದಯೆಯೇ ಇರಬಹುದು. ಮಲಬಾರಿನ ಒಂದೊಂದು ಬಳ್ಳಿಗೂ ಅದರ ಊರಿನ ಹೆಸರು ಯಾವುದು ಎಂದು ಕೇಳಿ ಬರೆಸಿಕೊಂಡವನ ಕಣ್ಣೆದುರೇ ಮಲಬಾರಿನ ಮನುಷ್ಯರು ತಿಂಗಳುಗಳ ಹೆಸರಿನಲ್ಲಿ ಓಡಾಡುತ್ತಿದ್ದರು. ಅವರ ಹೆಸರನ್ನು ಕೇಳುವ ವಿಚಾರ ಯಾರಿಗೂ ಬರಲಿಲ್ಲ.

ಸರಿ, ಡಚ್ಚರನ್ನು ಯಾರಾದರೂ ಮೊದಲೇ ಸೋಲಿಸಿದ್ದರೆ? ಕೇರಳದಲ್ಲಿ ಈ ಊಹೆಗೆ ಸಿದ್ಧವಾದ ಒಂದು ವೇದಿಕೆಯೇ ಇದೆ. 1741ರಲ್ಲಿ ಕುಳಚ್ಚಲ್‌ನ ಕಡಲ ತೀರದಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಡಚ್ಚರನ್ನು ಸೋಲಿಸಿದ. ಸೆರೆಸಿಕ್ಕ ಡಚ್ ಅಧಿಕಾರಿ ಡಿ ಲನೋಯ್ ಮುಂದೆ ಅವನದೇ ಸೈನ್ಯದ ನಾಯಕನಾದ. ಏಷ್ಯಾದ ಅರಸನೊಬ್ಬ ಯೂರೋಪಿನ ಕಂಪನಿಯೊಂದನ್ನು ಮಣ್ಣು ಮುಕ್ಕಿಸಿದ ಗೆಲುವು ಅದು, ಶಾಲೆಯ ಮಕ್ಕಳಿಗೂ ಗೊತ್ತು. ಆ ಗೆಲುವು ನೂರು ವರ್ಷ ಮೊದಲೇ ಬಂದಿದ್ದರೆ ಕೊಚ್ಚಿಯಿಂದ ಕೇಪ್‌ಗೆ ಹೋದ ಹಡಗುಗಳು ಕಡಿಮೆಯಾಗುತ್ತಿದ್ದವು, ಅದರಲ್ಲಿ ಸಂದೇಹವಿಲ್ಲ.

ಆದರೆ ಕುಳಚ್ಚಲ್‌ನಲ್ಲಿ ಗೆದ್ದ ಅದೇ ತಿರುವಾಂಕೂರಿನ 1836ರ ಜನಗಣತಿ ಏನು ಹೇಳುತ್ತದೆ? ಒಟ್ಟು ಜನಸಂಖ್ಯೆ 12,80,668. ಅದರಲ್ಲಿ ಗುಲಾಮರು 1,64,864. ಎಂಟು ಮಂದಿಯಲ್ಲಿ ಒಬ್ಬರು. ಇವರನ್ನು ಯಾವ ಹಡಗೂ ತಂದಿರಲಿಲ್ಲ. ಪುಲಯರು, ಪರಯರು, ಕುರವರು ಅದೇ ನೆಲದಲ್ಲಿ ಹುಟ್ಟಿ, ಅದೇ ಕೆಸರಿನಲ್ಲಿ ದುಡಿದು, ಅಲ್ಲೇ ಸಾಯುತ್ತಿದ್ದರು. ಒಡೆಯರಲ್ಲಿ ಭೂಮಾಲೀಕರಾದ ಜನ್ಮಿ ಮನೆತನಗಳಿದ್ದವು, ದೇವಸ್ಥಾನಗಳ ದೇವಸ್ವಗಳಿದ್ದವು, ಸಿರಿಯನ್ ಕ್ರೈಸ್ತ ಕುಟುಂಬಗಳಿದ್ದವು, ಸರಕಾರವೂ ಇತ್ತು. ಹಡಗಿನ ವ್ಯಾಪಾರಿ ಮಾಡಿದ್ದು ಈ ಮನುಷ್ಯರಿಗೆ ದೂರದ ಸಂತೆಯೊಂದನ್ನು ತೆರೆದುಕೊಟ್ಟದ್ದು. ಕೆ. ಶಾರದಾಮಣಿ, ಪಿ. ಸನಲ್ ಮೋಹನ್, ವಿನಿಲ್ ಬೇಬಿ ಪೌಲ್ ಮೊದಲಾದವರ ಅಧ್ಯಯನಗಳು ಹೊರಬಂದ ಮೇಲೆ, ಗುಲಾಮಗಿರಿ ಎಂಬುದು ಅಮೆರಿಕದ ಹತ್ತಿ ಹೊಲದ ಮಾತು, ನಮ್ಮಲ್ಲಿದ್ದದ್ದು ಬರೀ ಜಾತಿ ಎಂದು ಹೇಳಿ ಕೈತೊಳೆದುಕೊಳ್ಳಲು ಕೇರಳದಲ್ಲಿ ಯಾರಿಗೂ ಎಡೆಯಿಲ್ಲ. ಕರ್ನಾಟಕದಲ್ಲೂ ಇರಬಾರದು.

1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿದ ಬ್ರಿಟಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಒಡೆಯರು ಗುಲಾಮರನ್ನು ಕೈಬದಲಿಸುವ ಮೂರು ಬಗೆಗಳನ್ನು ಬರೆದಿಟ್ಟಿದ್ದಾನೆ. ಜನ್ಮಂ ಎಂದರೆ ಪೂರ್ತಿ ಮಾರಾಟ. ಗಂಡು ಮತ್ತು ಅವನ ಹೆಂಡತಿಗೆ 250ರಿಂದ 300 ಪಣ. ಕಾಣಂ ಎಂದರೆ ಅಡವು. ಪಾಟ್ಟಂ ಎಂದರೆ ಬಾಡಿಗೆ, ಗಂಡಸಿಗೆ ವರ್ಷಕ್ಕೆ 8 ಪಣ, ಹೆಂಗಸಿಗೆ ಅದರ ಅರ್ಧ. ಜನ್ಮಂ, ಕಾಣಂ, ಪಾಟ್ಟಂ ಈ ಮೂರೂ ಭೂಮಿಯ ಮಾತುಗಳು. ಗದ್ದೆಯನ್ನು ಹೇಗೆ ಮಾರುತ್ತಿದ್ದರೋ, ಅಡವಿಡುತ್ತಿದ್ದರೋ, ಗೇಣಿಗೆ ಕೊಡುತ್ತಿದ್ದರೋ ಮನುಷ್ಯರನ್ನೂ ಹಾಗೆಯೇ. ಗುಲಾಮರ ಗುಡಿಸಲುಗಳು ದೊಡ್ಡ ಬುಟ್ಟಿಗಿಂತ ಹೆಚ್ಚೇನೂ ಅಲ್ಲ ಎಂದೂ ಅವನು ಬರೆದಿದ್ದಾನೆ.

ಕರಾವಳಿ ಕನ್ನಡದಲ್ಲೂ ಇಂಥದೇ ಒಂದು ಜೋಡಿ ಇದೆ. ಮೂಲಗೇಣಿ ಎಂದರೆ ತಲೆತಲಾಂತರದ ಒಕ್ಕಲುತನ, ಮೂಲದಾಳು ಎಂದರೆ ತಲೆತಲಾಂತರದ ಆಳು. ಎರಡರಲ್ಲೂ ಇರುವುದು ಒಂದೇ 'ಮೂಲ'. ಮೂಲಗೇಣಿಯವನು ಭೂಮಿಯನ್ನು ಹಿಡಿದಿದ್ದ, ಮೂಲದಾಳನ್ನು ಭೂಮಿ ಹಿಡಿದಿತ್ತು. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯ ಚೋಮನಿಗಿದ್ದದ್ದು ಒಂದೇ ಆಸೆ. ಒಂದು ತುಂಡು ಗದ್ದೆಯನ್ನು ತನ್ನದೆಂದು ಉಳಬೇಕು. ಮನೆಯಲ್ಲಿ ಎತ್ತುಗಳೂ ಇದ್ದವು. ಉಳುವ ಹಕ್ಕು ಮಾತ್ರ ಇರಲಿಲ್ಲ.

ಆಳುತನ ಮೈಗಷ್ಟೇ ಸೀಮಿತವಾಗಿರಲಿಲ್ಲ. ತಿರುವಾಂಕೂರು, ಕೊಚ್ಚಿಗಳಲ್ಲಿ ಪುಲಯನೊಬ್ಬ ಒಡೆಯನ ಎದುರು 'ಞಾನ್', ಅಂದರೆ 'ನಾನು', ಎನ್ನುವಂತಿರಲಿಲ್ಲ. 'ಅಡಿಯನ್' ಎನ್ನಬೇಕು. ಅಡಿ ಎಂದರೆ ಪಾದ; ಕನ್ನಡದ 'ಅಡಿಯಾಳು' ಎಂಬ ಮಾತನ್ನು ನೆನೆದರೆ ಸಾಕು, ವಿವರಣೆ ಬೇಕಿಲ್ಲ. ತಾನು ಉಣ್ಣುವ ಅನ್ನವನ್ನು 'ಚೋರು' ಎನ್ನಬಾರದು, 'ಕರಿಕ್ಕಾಡಿ' ಎನ್ನಬೇಕು. ಕೊಳೆ ಗಂಜಿ ಎಂಬ ಅರ್ಥದ ಮಾತು ಅದು. ಮನೆಯನ್ನು ಮನೆ ಎನ್ನುವಂತಿಲ್ಲ, 'ಮಾಡಂ' ಎನ್ನಬೇಕು. ಹೆತ್ತ ಮಕ್ಕಳನ್ನು ಮಕ್ಕಳು ಎಂದು ಕರೆಯುವ ಹಾಗಿಲ್ಲ, ಕರುಗಳೆಂದೋ ಮಂಗಗಳೆಂದೋ ಹೇಳಬೇಕು. ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ಬೆಳೆದ ಭತ್ತದ ಅನ್ನಕ್ಕೆ ತನ್ನ ಬಾಯಲ್ಲಿ ಅನ್ನ ಎನ್ನಲಾಗದವನ ಗಂಟಲು ಏನಾಗಿದ್ದೀತು?

ಕುಟ್ಟನಾಡಿನಲ್ಲಿ ಇನ್ನೊಂದು ಕತೆ ಹೇಳುತ್ತಾರೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳ ಬದು ಮಳೆಗಾಲದಲ್ಲಿ ಒಡೆದು, ಎಷ್ಟು ಮಣ್ಣು ಹಾಕಿದರೂ ನಿಲ್ಲದೇ ಹೋದಾಗ ಪುಲಯನೊಬ್ಬನನ್ನು ಬದುವಿನೊಳಗೆ ಜೀವಂತ ಹುಗಿಯುತ್ತಿದ್ದರಂತೆ. ಕನ್ನಡಿಗರಿಗೆ 'ಕೆರೆಗೆ ಹಾರ'ದ ಭಾಗೀರಥಿ ತಟ್ಟನೆ ನೆನಪಾಗುತ್ತಾಳೆ. ಭಾಗೀರಥಿಗೆ ಒಂದು ಹಾಡಾದರೂ ಇದೆ, ಹುಡುಕಿಕೊಂಡು ಬಂದ ಗಂಡನಿದ್ದಾನೆ. ಬದುವಿನವನಿಗೆ ಊರಿನ ಗುಸುಗುಸು ಮಾತ್ರ ಉಳಿದಿದೆ.

ಇಷ್ಟೆಲ್ಲ ಗೊತ್ತಾದ ಮೇಲೆ 'ಇದ್ದಿದ್ದರೆ' ಎಂಬ ಪ್ರಶ್ನೆಯನ್ನು 1500ರ ರೇವಿನಿಂದ ಎತ್ತಿ ಬೇರೆ ಕಡೆ ಇಡಬೇಕಾಗುತ್ತದೆ. ಅದನ್ನು ಇಡಬೇಕಾದ ಜಾಗ ತಿರುವನಂತಪುರದ ಕಚೇರಿಗಳು. ಅಲ್ಲಿ ಒಂದಲ್ಲ, ನಾಲ್ಕು ಸಲ ಲೇಖನಿ ಕಾಗದದ ಮೇಲೆ ನಿಂತು ಯೋಚಿಸಿದೆ. 1812ರಲ್ಲಿ ರಾಣಿ ಗೌರಿ ಲಕ್ಷ್ಮೀಬಾಯಿ ಗುಲಾಮರ ಕ್ರಯ ವಿಕ್ರಯವನ್ನು ನಿಷೇಧಿಸಿದರು. ಒಳ್ಳೆಯ ಕೆಲಸ. ಆದರೆ ಭೂಮಿಗೆ ಅಂಟಿಕೊಂಡ ಆಳುಗಳಿಗೆ, ಎಂದರೆ ಗುಲಾಮರಲ್ಲಿ ಬಹುಪಾಲು ಜನರಿಗೆ, ಅದು ಅನ್ವಯಿಸಲಿಲ್ಲ. ಅದೇ ಹೊತ್ತಿಗೆ ಕಣ್ಣೂರಿನ ಬಳಿಯ ಅಂಜರಕಂಡಿಯಲ್ಲಿ ಮರ್ಡೋಕ್ ಬ್ರೌನ್ ಎಂಬವನ ಮೆಣಸು-ದಾಲ್ಚಿನ್ನಿ ತೋಟದಲ್ಲಿ ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳು ಸಿಕ್ಕರು, ಮ್ಯಾಜಿಸ್ಟ್ರೇಟ್ ಟಿ.ಎಚ್. ಬೇಬರ್ ಅವರನ್ನು ಬಿಡಿಸಿದ. ಮಕ್ಕಳನ್ನು ಬಿಡಿಸಬಹುದು ಎಂದು ಒಬ್ಬ ಅಧಿಕಾರಿ ತೋರಿಸಿಕೊಟ್ಟ. ಎಲ್ಲರೂ ಹಾಗೆ ಮಾಡಲಿಲ್ಲ.

ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತು. ಕೇಪ್‌ನಲ್ಲಿದ್ದ ಮಲಬಾರಿನವಳ ಮೊಮ್ಮಗಳಿಗೆ ಬಿಡುಗಡೆ ಬಂತು, ಮಲಬಾರಿನಲ್ಲೇ ಉಳಿದವಳ ಮೊಮ್ಮಗಳಿಗೆ ಬರಲಿಲ್ಲ. ಸಾಮ್ರಾಜ್ಯದ ಗುಲಾಮರ ಒಡೆಯರಿಗೆ ಪರಿಹಾರವೆಂದು 2 ಕೋಟಿ ಪೌಂಡ್ ಕೊಟ್ಟರು. ದುಡಿದವರಿಗೆ ಒಂದು ಪೆನ್ನಿ ಇಲ್ಲ. ಭಾರತದಲ್ಲಿ 1843ರ ಐದನೇ ಕಾಯಿದೆ ಬಂದಾಗಲೂ ಗುಲಾಮನನ್ನು ಆಸ್ತಿ ಎಂದು ಕೋರ್ಟುಗಳು ಒಪ್ಪುವುದಿಲ್ಲ ಎಂದಷ್ಟೇ ಅದರಲ್ಲಿತ್ತು. ನೀನು ಬಿಡುಗಡೆಯಾದೆ ಎಂದು ಗದ್ದೆಯ ಬದುವಿಗೆ ಹೋಗಿ ಹೇಳುವ ಹೊಣೆ ಯಾರಿಗೂ ಇರಲಿಲ್ಲ.

1847ರಲ್ಲಿ ಮಿಷನರಿಗಳು ತಿರುವಾಂಕೂರಿನ ಮಹಾರಾಜರಿಗೆ ಮನವಿ ಕೊಟ್ಟರು. ಬೇಸಾಯ ಕೆಡುತ್ತದೆ, ಗದ್ದೆ ಹಾಳುಬೀಳುತ್ತದೆ ಎಂಬ ಅಂಜಿಕೆ ಆಡಳಿತವನ್ನು ವರ್ಷಗಟ್ಟಲೆ ಕೈಕಟ್ಟಿ ಕೂರಿಸಿತು. 1853ರಲ್ಲಿ ಅರ್ಧ ಹೆಜ್ಜೆ, ಸರಕಾರಿ ಗುಲಾಮರಿಗೆ ಮುಂದೆ ಹುಟ್ಟುವ ಮಕ್ಕಳಿಗೆ ಬಿಡುಗಡೆ. 1855ರಲ್ಲಿ ಪೂರ್ತಿ ಘೋಷಣೆ. ಕೊಚ್ಚಿ ರಾಜ್ಯ ಅದಕ್ಕೆ ಒಂದು ವರ್ಷ ಮೊದಲೇ, 1854ರಲ್ಲಿ, ಘೋಷಿಸಿತ್ತು. ಕಾಗದದಲ್ಲಿ ಎಲ್ಲರೂ ಸ್ವತಂತ್ರರಾದರು. ನಿಲ್ಲಲು ನೆಲ ಮಾತ್ರ ಯಾರೂ ಕೊಡಲಿಲ್ಲ.

ಹತ್ತು ವರ್ಷಗಳ ನಂತರ, 1865ರಲ್ಲಿ, ತಿರುವಾಂಕೂರು ಸರಕಾರ ಭೂಮಿಯನ್ನೂ ಕೊಟ್ಟಿತು. 'ಪಂಡಾರಪ್ಪಾಟ್ಟಂ' ಘೋಷಣೆಯಲ್ಲಿ ಸರಕಾರಿ ಜಮೀನಿನ ಗೇಣಿದಾರರಿಗೆ ಒಡೆತನದ ಹಕ್ಕು ಸಿಕ್ಕಿತು. ತಿರುವಾಂಕೂರಿನ ಸಿರಿವಂತಿಕೆಗೆ ಅದೇ ಅಡಿಪಾಯ ಎಂದು ಚರಿತ್ರೆಕಾರರು ಬರೆಯುತ್ತಾರೆ. ಗೇಣಿಚೀಟಿ ಇದ್ದವನಿಗೆ ಅದು ದಕ್ಕಿತು. ಕೆಸರಿನಲ್ಲಿ ನಿಂತವನ ಕೈಯಲ್ಲಿ ಯಾವ ಚೀಟಿ ಇತ್ತು?

ಆ ವರ್ಷ ಲೇಖನಿ ಇನ್ನೊಂದು ಸಾಲು ಮುಂದೆ ಹೋಗಿದ್ದರೆ ಎಂದು ಊಹಿಸಬೇಕು. ಹಡಗು ಬಾರದಿದ್ದರೆ ಎಂಬುದಕ್ಕಿಂತ ಈ ಊಹೆಗೆ ಗಟ್ಟಿ ನೆಲವಿದೆ. ಕಾಗದ ಎದುರಿಗಿತ್ತು, ಶಾಯಿ ಇತ್ತು, ಜಮೀನು ಸರಕಾರದ್ದೇ ಆಗಿತ್ತು. ನೇಮಂ ಕಡೆಯ ಒಂದು ಪುಲಯ ಸಂಸಾರಕ್ಕೆ ಎರಡು ಎಕರೆ ಗದ್ದೆ ಬಂತು ಎಂದಿಟ್ಟುಕೊಳ್ಳಿ. ಮೊದಲ ವರ್ಷ ಎತ್ತಿಲ್ಲ, ಬೀಜಕ್ಕೆ ಸಾಲ. ಎರಡನೇ ವರ್ಷ ಕಣದಲ್ಲಿ ಒಟ್ಟಿದ ಭತ್ತದಲ್ಲಿ ಯಾರಿಗೂ ಪಾಲಿಲ್ಲ. ಹೆಚ್ಚಿದ್ದನ್ನು ತಿರುವನಂತಪುರದ ಚಾಲೆ ಪೇಟೆಗೆ ಹೊತ್ತು ಮಾರಿ, ಬರುವಾಗ ಉಪ್ಪು, ಒಂದು ಕಂಚಿನ ತಟ್ಟೆ ತರುತ್ತಾರೆ. ಸಂಜೆ ಹೆಂಡತಿ ಆ ತಟ್ಟೆಗೆ ಚೋರು ಬಡಿಸುತ್ತಾಳೆ, ಚೋರು ಎಂದೇ ಹೇಳಿ ಬಡಿಸುತ್ತಾಳೆ. ಮಗ ಭತ್ತ ಅಳೆಯುವ ಲೆಕ್ಕ ಕಲಿಯಲೆಂದೇ ಶಾಲೆಗೆ ಹೋಗುತ್ತಾನೆ. ಆಳು ಬೇಕಾದ ಜನ್ಮಿ ಕೂಲಿ ಹೆಚ್ಚಿಸಬೇಕಾಗುತ್ತದೆ. ಕೆಲವು ತರವಾಡುಗಳ ಚಾವಡಿ ಇಷ್ಟು ದೊಡ್ಡದಿರುವುದಿಲ್ಲ, ಕೆಲವು ಉತ್ಸವಗಳಲ್ಲಿ ಆನೆಗಳು ಕಡಿಮೆಯಾಗುತ್ತವೆ. ಘಟ್ಟದ ಚಹಾ ತೋಟಗಳಿಗೆ ಅಗ್ಗದ ಕೈಗಳು ಸಿಗುವುದು ಕಷ್ಟವಾಗುತ್ತದೆ. ನಷ್ಟ ಯಾರದು ಎಂದು ಲೆಕ್ಕ ಹಾಕಿದರೆ, ಅಂದು ಅಂಜಿದವರು ಯಾಕೆ ಅಂಜಿದರು ಎಂಬುದು ತಿಳಿಯುತ್ತದೆ.

ಈ ಊಹೆಯನ್ನು ಕಾಗದದಲ್ಲಿ ಬಿಡದೆ ಗದ್ದೆಗಿಳಿಸಿದವರು ಅಯ್ಯಂಕಾಳಿ. ತಿರುವನಂತಪುರದ ಪಕ್ಕದ ವೆಂಗಾನೂರಿನಲ್ಲಿ 1863ರಲ್ಲಿ, ಬಿಡುಗಡೆಯ ಘೋಷಣೆಯಾಗಿ ಎಂಟು ವರ್ಷಕ್ಕೆ, ಅವರು ಹುಟ್ಟಿದರು. ಪುಲಯರಿಗೆ ರಾಜಬೀದಿ ನಿಷಿದ್ಧ. 1893ರಲ್ಲಿ ಅವರು ಎರಡು ಬಿಳಿ ಎತ್ತುಗಳನ್ನು ಕಟ್ಟಿದ ವಿಲ್ಲುವಂಡಿಯಲ್ಲಿ, ಗಂಟೆ ಸದ್ದು ಮಾಡುತ್ತ, ಅದೇ ಬೀದಿಯಲ್ಲಿ ಹೋದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ನಿಮ್ಮ ಗದ್ದೆಯಲ್ಲಿ ಹುಲ್ಲು ಬೆಳೆಯುತ್ತದೆ ಎಂದು ಜನ್ಮಿಗಳಿಗೆ ಹೇಳಿ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಳದ ಮಾತಿಗಿಂತ ಮೊದಲು ಶಾಲೆಯ ಮಾತು ಎತ್ತಿದ ರೈತಕೂಲಿ ಮುಷ್ಕರ ಜಗತ್ತಿನಲ್ಲಿ ಎಷ್ಟಿವೆ? ಹಸಿವಿನ ಆ ತಿಂಗಳುಗಳಲ್ಲಿ ಕಡಲ ಮಕ್ಕಳಾದ ಮೀನುಗಾರರು ತಮ್ಮ ಒಂದೊಂದು ದೋಣಿಗೆ ಒಬ್ಬೊಬ್ಬ ಪುಲಯನನ್ನು ಹತ್ತಿಸಿಕೊಂಡು ಮೀನಿನ ಪಾಲು ಕೊಟ್ಟರೆಂದು ವೆಂಗಾನೂರಿನ ಕಡೆ ಹೇಳುತ್ತಾರೆ. ಗದ್ದೆಗಳು ಪಾಳುಬಿದ್ದವು. ಬೇಸಾಯ ಕೆಡುತ್ತದೆ ಎಂದು ಸರಕಾರ ಅಂಜುತ್ತಿದ್ದುದನ್ನು ಗದ್ದೆಯವರೇ ಮಾಡಿ ತೋರಿಸಿದರು.

ಶಾಲೆಯ ಬಾಗಿಲು ಸರಕಾರಿ ಆದೇಶ ಬಂದ ಮೇಲೂ ತೆರೆಯಲಿಲ್ಲ. ಅಯ್ಯಂಕಾಳಿ ಪಂಚಮಿ ಎಂಬ ಪುಲಯ ಹುಡುಗಿಯ ಕೈಹಿಡಿದು ಊರೂಟ್ಟಂಬಲಂನ ಶಾಲೆಗೆ ಹೋದರು. ಅವಳು ಬೆಂಚಿನ ಮೇಲೆ ಕೂತಳು. ಊರಿನ ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಸುಟ್ಟು ಉಳಿದ ಒಂದು ಬೆಂಚನ್ನು ಆ ಶಾಲೆ ಇಂದಿಗೂ ಜೋಪಾನ ಮಾಡಿದೆ. ಅದರ ಮರ ಕರಿಕಲಾಗಿದೆ. ಅಂಚನ್ನು ಬೆಂಕಿ ತಿಂದಿದೆ. ಎರಡು ಮೂರು ಮಕ್ಕಳು ಒತ್ತಿಕೊಂಡು ಕೂರುವ, ನಮ್ಮ ಎಲ್ಲ ಹಳ್ಳಿ ಶಾಲೆಗಳಲ್ಲಿ ಇರುತ್ತಿದ್ದಂಥದೇ ಬೆಂಚು. 2022ರಲ್ಲಿ ಆ ಶಾಲೆಗೆ ಅಯ್ಯಂಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟರು.

ಅಯ್ಯಂಕಾಳಿ ತಿರುವಾಂಕೂರಿನ ಶ್ರೀಮೂಲಂ ಪ್ರಜಾಸಭೆಗೆ ನಾಮನಿರ್ದೇಶನಗೊಂಡು, 1912ರಲ್ಲಿ ಅಲ್ಲಿ ಎದ್ದು ನಿಂತಾಗ ಮೊದಲು ಕೇಳಿದ್ದು ಭೂಮಿಯನ್ನು. ಸಭೆ ನಡೆಯುತ್ತಿದ್ದ ವಿ.ಜೆ.ಟಿ. ಹಾಲ್‌ಗೆ 2019ರಿಂದ ಅವರದೇ ಹೆಸರು. 1937ರಲ್ಲಿ ಗಾಂಧೀಜಿ ವೆಂಗಾನೂರಿಗೆ ಬಂದಾಗ, ಸಾಯುವುದರೊಳಗೆ ನನ್ನ ಸಮುದಾಯದಲ್ಲಿ ಹತ್ತು ಮಂದಿ ಬಿ.ಎ. ಆದವರನ್ನು ನೋಡಬೇಕು ಎಂದು ಅಯ್ಯಂಕಾಳಿ ಅವರಿಗೆ ಹೇಳಿದರು. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರ ಆಸೆಯೂ ಇದಕ್ಕೆ ತೀರ ಹತ್ತಿರದ್ದು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ಸರಕಾರಿ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಗಬೇಕು ಎಂದವರು ಅವರು. ಒಂದೇ ರೈಲುಹಳಿಯ ಎರಡು ತುದಿಯ ಊರುಗಳಲ್ಲಿ, ಜಾತಿಯಲ್ಲಿ ಇಷ್ಟು ದೂರದ ಇಬ್ಬರು, ಇಷ್ಟು ಹತ್ತಿರದ ಆಸೆ ಇಟ್ಟುಕೊಂಡಿದ್ದರು.

ಭೂಮಿಯ ಮಾತು 1912ಕ್ಕೆ ಮುಗಿಯಲಿಲ್ಲ. ಕೇರಳದ ಭೂಸುಧಾರಣೆ 1970ರ ಜನವರಿ 1ರಂದು ಜಾರಿಗೆ ಬಂದು ಜನ್ಮಿ ಪದ್ಧತಿಯನ್ನು ಕೊನೆಗಾಣಿಸಿತು. ದೇಶವೇ ಅದನ್ನು ಮೆಚ್ಚಿತು. ಗೇಣಿದಾರ ಒಡೆಯನಾದ. ಗುಡಿಸಲಿನ ಕೂಲಿಗೆ ಸಿಕ್ಕಿದ್ದು ಗುಡಿಸಲು ನಿಂತ ಜಾಗ, ಹಳ್ಳಿಯಲ್ಲಾದರೆ 10 ಸೆಂಟ್ಸ್, ಪುರಸಭೆಯಲ್ಲಿ 5, ನಗರದಲ್ಲಿ 3. ಮನೆ ಉಳಿಯಿತು, ಅದು ಸಣ್ಣ ಮಾತಲ್ಲ. ಗದ್ದೆ ಮತ್ತೆ ಕೈತಪ್ಪಿತು. 1865ರ ಸಾಲನ್ನು ನೂರೈದು ವರ್ಷಗಳ ನಂತರ ಬಹುಮಟ್ಟಿಗೆ ಅದೇ ಕಡೆ ನಿಲ್ಲಿಸಿದ ಹಾಗಾಯಿತು. 2007ರಲ್ಲಿ ಪತ್ತನಂತಿಟ್ಟದ ಚೆಂಗರದ ರಬ್ಬರ್ ತೋಟಕ್ಕೆ ನುಗ್ಗಿ ಗುಡಿಸಲು ಹಾಕಿದ ಸಾವಿರಾರು ಕುಟುಂಬಗಳು ಕೇಳಿದ್ದೂ ಬೇಸಾಯದ ನೆಲವನ್ನೇ.

ಮತ್ತೆ ಕೊಚ್ಚಿಗೆ, ನೀರಿನ ಬಳಿಗೆ. 1913ರಲ್ಲಿ ಕೊಚ್ಚಿಯ ಪುಲಯರು ಒಂದು ಸಭೆ ಸೇರಲು ಹೊರಟರು. ಎರ್ನಾಕುಳಂನ ಬೀದಿಯಲ್ಲಿ ನಡೆಯುವುದೇ ಅವರಿಗೆ ನಿಷಿದ್ಧವಾಗಿದ್ದಾಗ ಸಭೆಗೆ ನೆಲ ಕೊಡುವವರು ಯಾರು? ಮೀನುಗಾರ ಸಮುದಾಯದಲ್ಲಿ ಹುಟ್ಟಿದ ವಿದ್ವಾಂಸ ಪಂಡಿತ್ ಕೆ.ಪಿ. ಕರುಪ್ಪನ್, ಪುಲಯ ಮುಂದಾಳು ಕೃಷ್ಣಾದಿ ಆಶಾನ್ ಮೊದಲಾದವರು ಒಂದು ದಾರಿ ಕಂಡುಕೊಂಡರು. ನೆಲ ಮಹಾರಾಜರದ್ದಾದರೆ ನೀರು ಯಾರದ್ದೂ ಅಲ್ಲ. ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಹಿನ್ನೀರಿನ ಮೇಲೆಯೇ ಜನ ಕೂತರು. ಕಾಯಲ್ ಸಮ್ಮೇಳನ ಎಂದು ಅದಕ್ಕೆ ಹೆಸರಾಯಿತು. ಕೇಪ್‌ಗೆ, ಬತಾವಿಯಾಕ್ಕೆ ಮನುಷ್ಯರನ್ನು ತುಂಬಿಕೊಂಡ ಹಡಗುಗಳು ಸಮುದ್ರ ಸೇರಿದ್ದು ಇದೇ ಹಿನ್ನೀರಿನ ಅಳಿವೆಯಿಂದ.

ಅದಕ್ಕೆ ಒಂದು ವರ್ಷ ಮೊದಲು ಅದೇ ಹಿನ್ನೀರಿನ ಮುಳವುಕಾಡ್ ದ್ವೀಪದಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಪುಲಯರ ಹೆಣ್ಣುಮಕ್ಕಳಿಗೆ ಆಗ ಅಳಗಿ, ಚಕ್ಕಿ, ಕಾಳಿ, ಕುರುಂಬ ಎಂದು ಹೆಸರಿಡುವುದು ವಾಡಿಕೆ. ಈ ಮನೆಯವರು ಮಗುವಿಗೆ ದಾಕ್ಷಾಯಣಿ ಎಂದು ಹೆಸರಿಟ್ಟರು. ಮೇಲಿನವರ ಹೆಸರನ್ನು ಇವರು ಇಡುವುದೇ ಎಂದು ಸುತ್ತಲಿನವರಿಗೆ ಸಿಟ್ಟು ಬಂತು. ಮನೆಯವರು ಬದಲಿಸಲಿಲ್ಲ. ಹುಡುಗಿ ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿ ಪದವಿ ಪಡೆದಳು. 1946ರಲ್ಲಿ ಸಂವಿಧಾನ ಸಭೆಗೆ ಆರಿಸಿ ಬಂದ ಒಬ್ಬಳೇ ದಲಿತ ಮಹಿಳೆ ಅವಳು. ದೆಹಲಿಯ ಆ ಸಭೆಯ ನಡಾವಳಿಯ ಪುಟಗಳಲ್ಲಿ, ಅಸ್ಪೃಶ್ಯತೆಯ ಕಲಮಿನ ಮೇಲೆ ನಡೆದ ಚರ್ಚೆಯಲ್ಲಿ, ಮಾತಾಡಿದವರ ಸಾಲಿನಲ್ಲಿ ಅವಳ ಹೆಸರು ಹೆತ್ತವರು ಕರೆದಂತೆಯೇ ಅಚ್ಚಾಗಿದೆ: ದಾಕ್ಷಾಯಣಿ.